ಒರಲೆ ತಿಂದ ಒಂದು ಅಂಕೆ: ಮುತ್ತಜ್ಜನ ಹಡಗನ್ನು ಜನಗಣತಿಯಲ್ಲಿ ಹುಡುಕಿದ ಕೆಲಸದ ದಾಖಲೆ

ಕಾರವಾರ ತಾಲ್ಲೂಕಿನ ಅರಗಾದಲ್ಲಿದ್ದ ನಮ್ಮ ಹಳೆಯ ಮನೆಯ ಜಾಗ ಈಗ ನೌಕಾನೆಲೆಯ ಗಡಿಯೊಳಗಿದೆ. ಸೀಬರ್ಡ್ ಯೋಜನೆಗಾಗಿ ಊರು ಬಿಟ್ಟು ಪುನರ್ವಸತಿ ಕಾಲನಿಗೆ ಬರುವಾಗ ತಂದ ಸಾಮಾನುಗಳಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರ ತಳದಲ್ಲಿ, ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಒಂದು ಸಣ್ಣ ಪುಸ್ತಕವನ್ನು ನನ್ನ ಸೋದರತ್ತೆ ಕಳೆದ ನವೆಂಬರಿನಲ್ಲಿ ನನ್ನ ಕೈಗಿಟ್ಟರು. ಅದು ನನ್ನ ಮುತ್ತಜ್ಜನ ಹಡಗು ನೌಕರಿಯ ಪುಸ್ತಕ. ನಾವಿಕನೊಬ್ಬ ಯಾವ ಹಡಗನ್ನು ಎಂದು ಹತ್ತಿದ, ಎಂದು ಇಳಿದ, ಯಾವ ಕೆಲಸ ಮಾಡಿದ, ಅವನ ನಡತೆ ಹೇಗಿತ್ತು ಎಂಬುದನ್ನು ಸಾಲುಸಾಲಾಗಿ ಬರೆದು ಮೊಹರು ಒತ್ತುತ್ತಿದ್ದ ಪ್ರಮಾಣಪತ್ರ. ಅತ್ತೆ ಅದನ್ನು ‘ನಳಿ’ ಎಂದೇ ಕರೆಯುತ್ತಾರೆ. ಇಂದಿನ ಹಡಗು ನೌಕರರು ಸಿಡಿಸಿ (ಕಂಟಿನ್ಯುಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್) ಎನ್ನುವುದು ಇದರ ಮುಂದಿನ ರೂಪವನ್ನೇ.

ನಾನು ಮಾಡಹೊರಟ ಕೆಲಸ ಇಷ್ಟು: ಈ ಪುಸ್ತಕವನ್ನು ಓದಲು ಬರುವಂತೆ ಸರಿಪಡಿಸುವುದು, ಅದರಲ್ಲಿರುವ ಪ್ರತಿಯೊಂದು ಯಾನವನ್ನೂ ಪಟ್ಟಿ ಮಾಡುವುದು, ಆ ಪಟ್ಟಿಯನ್ನು ಹಿಡಿದು ಮುತ್ತಜ್ಜನನ್ನು ಯಾವುದಾದರೊಂದು ಜನಗಣತಿಯಲ್ಲಿ ಹೆಸರು ಸಹಿತ ಹುಡುಕುವುದು. ಮಳೆಗಾಲ ಮುಗಿದು ಗಾಳಿಯ ತೇವ ಇಳಿಯುವವರೆಗೆ ಕಾದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಳೆಯ ಕಾಗದವನ್ನು ಬಿಡಿಸಲು ಹೋದರೆ ಅಂಟಿಕೊಂಡ ಪುಟಗಳು ಪದರ ಕಿತ್ತುಕೊಂಡೇ ಬರುತ್ತವೆ.

ಪುಸ್ತಕದ ಸ್ಥಿತಿ ಹೀಗಿತ್ತು. ಬಟ್ಟೆ ಹೊದಿಸಿದ ರಟ್ಟು ಬೆನ್ನಿನಿಂದ ಬಿಟ್ಟಿತ್ತು. ಒರಲೆ ಒಂದು ಬದಿಯಿಂದ ಕೊರೆದು ಏಳು ಪುಟಗಳನ್ನು ದಾಟಿ ಒಂದು ಉದ್ದನೆಯ ತೂತು ಮಾಡಿತ್ತು. ನಾಲ್ಕು ಪುಟಗಳು ಒಂದಕ್ಕೊಂದು ಅಂಟಿದ್ದವು. ಹಿಂದೆ ಯಾರೋ ಅಂಟಿಸಿದ್ದ ಪಾರದರ್ಶಕ ಟೇಪು ಹಳದಿಯಾಗಿ, ಅದರ ಅಂಟು ಕಾಗದದೊಳಗೆ ಇಳಿದುಹೋಗಿತ್ತು. ಶಾಯಿಯಲ್ಲಿ ಎರಡು ಬಗೆ: ಗುಮಾಸ್ತರು ಟಾಕಿನಿಂದ ಬರೆದ, ಈಗ ಕಂದು ಬಣ್ಣಕ್ಕೆ ತಿರುಗಿದ ಶಾಯಿ ಒಂದು, ರಬ್ಬರ್ ಮೊಹರಿನ ನೇರಳೆ ಶಾಯಿ ಇನ್ನೊಂದು.

ಮೊದಲ ತಪ್ಪು ಅಲ್ಲಿಯೇ ಆಯಿತು. ಕಂದು ಶಾಯಿಯ ಮೇಲೆ ಒದ್ದೆ ಹತ್ತಿಯ ಕಡ್ಡಿಯನ್ನು ಮುಟ್ಟಿಸಿ ನೋಡಿದಾಗ ಬಣ್ಣ ಬಿಡಲಿಲ್ಲ. ಅದನ್ನೇ ನಂಬಿ, ಅಂಟಿದ ಪುಟಗಳನ್ನು ಬಿಡಿಸಲು ತೇವ ಮಾಡಿದ ಒತ್ತುಕಾಗದದ ನಡುವೆ ಇಟ್ಟೆ. ಅರ್ಧ ಗಂಟೆಯಲ್ಲಿ ನೇರಳೆ ಮೊಹರೊಂದರ ಅಂಚು ಹರಡಿತು. ಈ ಪುಸ್ತಕದ ಟಾಕಿನ ಶಾಯಿ ನೀರಿಗೆ ಹರಡಲಿಲ್ಲ, ಮೊಹರಿನ ಶಾಯಿ ಹರಡಿತು. ಪರೀಕ್ಷೆಯನ್ನು ಪುಟದಲ್ಲಿರುವ ಪ್ರತಿಯೊಂದು ಶಾಯಿಯ ಮೇಲೂ ಬೇರೆಬೇರೆಯಾಗಿ ಮಾಡಬೇಕಿತ್ತು. ಹರಡಿದ ಮೊಹರಿನಲ್ಲಿ ತಾರೀಖು ಉಳಿದುಕೊಂಡಿತು, ಬಂದರಿನ ಹೆಸರಿನ ಕೆಳಗಿನ ಅರ್ಧ ಹೋಯಿತು. ಅದು ಬೊಂಬಾಯಿ ಎಂಬುದು ಮುಂದಿನ ಸಾಲಿನಿಂದ ತಿಳಿಯುತ್ತದೆಯಾದರೂ, ನೂರು ವರ್ಷ ಉಳಿದದ್ದು ನನ್ನ ಕೈಯಲ್ಲಿ ಅಳಿಸಿತು ಎಂಬ ಸಂಕಟ ಇನ್ನೂ ಹೋಗಿಲ್ಲ.

ಅಲ್ಲಿಂದ ಮುಂದೆ ಒದ್ದೆ ಕಾಗದವನ್ನು ಕೈಬಿಟ್ಟೆ. ಉಳಿದ ಪುಟಗಳನ್ನು ಬಿದಿರಿನ ತೆಳ್ಳನೆಯ ಚಕ್ಕೆಯಿಂದ, ಮೂಲೆಯಿಂದ ಆರಂಭಿಸಿ, ದಿನಕ್ಕೆ ಒಂದೆರಡು ಅಂಗುಲದಂತೆ ಒಣದಾಗಿಯೇ ಬಿಡಿಸಿದೆ. ತೂತುಗಳಿಗೆ ಜಪಾನಿ ಟಿಶ್ಯೂ ಕಾಗದವನ್ನು, ಕತ್ತರಿಯಿಂದಲ್ಲ, ನೀರಿನ ಗೆರೆ ಎಳೆದು ಕೈಯಿಂದ ಹರಿದು ಇಟ್ಟೆ. ಹಾಗೆ ಹರಿದಾಗ ಅಂಚಿನಲ್ಲಿ ನಾರುಗಳು ಉಳಿದು ಹಳೆಯ ಕಾಗದವನ್ನು ಮೆಲ್ಲಗೆ ಹಿಡಿದುಕೊಳ್ಳುತ್ತವೆ. ಅಂಟಾಗಿ ಗೋಧಿಯ ಪಿಷ್ಟವನ್ನು ಬೇಯಿಸಿ, ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಬಳಸಿದೆ. ಈ ಅಂಟನ್ನು ಮುಂದೆ ಯಾರಾದರೂ ಬೇಕೆಂದರೆ ತೇವ ಮಾಡಿ ತೆಗೆಯಬಹುದು; ಟೇಪಿನ ಅಂಟನ್ನು ಹಾಗೆ ತೆಗೆಯಲಾಗದು. ಮೊಹರಿನ ಹತ್ತಿರ ಅಂಟನ್ನು ಟಿಶ್ಯೂವಿಗೆ ಹಚ್ಚಿ, ಬಹುಪಾಲು ಒಣಗಿದ ಮೇಲೆ ಒತ್ತಿದೆ. ಒಣಗಿಸುವುದು ನೆರಳಿನಲ್ಲಿ, ಒತ್ತುಕಾಗದದ ನಡುವೆ, ಮೇಲೊಂದು ಗಾಜು ಮತ್ತು ಭಾರ ಇಟ್ಟು. ಲ್ಯಾಮಿನೇಷನ್ ಮಾಡಿಸಿಬಿಡು ಎಂದು ಇಬ್ಬರು ಹಿತೈಷಿಗಳು ಹೇಳಿದರು. ದಯವಿಟ್ಟು ಯಾರೂ ಮಾಡಿಸಬೇಡಿ. ಬಿಸಿಯಲ್ಲಿ ಕರಗಿ ಹಿಡಿದ ಪ್ಲಾಸ್ಟಿಕ್ಕಿನಿಂದ ಕಾಗದವನ್ನು ಮತ್ತೆ ಬೇರ್ಪಡಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಫೋಟೋ ತೆಗೆಯುವ ಕೆಲಸಕ್ಕೆ ಮೊಬೈಲೇ ಸಾಕಾಯಿತು. ಮಾಸಿದ ಕಂದು ಶಾಯಿ ಕಣ್ಣಿಗೆ ಕಾಣದ ಕಡೆ, ಚಿತ್ರದ ಕೆಂಪು, ಹಸಿರು, ನೀಲಿ ಪದರಗಳನ್ನು ಬೇರ್ಪಡಿಸುವ ತಂತ್ರಾಂಶದಲ್ಲಿ ನೀಲಿ ಪದರವನ್ನು ಮಾತ್ರ ಇಟ್ಟುಕೊಂಡಾಗ ಅಕ್ಷರಗಳು ಎದ್ದು ಬಂದವು. ಟಾರ್ಚಿನ ಬೆಳಕನ್ನು ಪುಟದ ಮಟ್ಟಕ್ಕೆ ಅಡ್ಡಲಾಗಿ ಹಾಯಿಸಿದಾಗ, ಪೆನ್ಸಿಲಿನ ಗುರುತು ಅಳಿಸಿಹೋದರೂ ಒತ್ತಿದ ಗೀರು ನೆರಳಾಗಿ ಕಂಡಿತು. ಈ ಎರಡು ಉಪಾಯಗಳಿಂದ 1919ರಿಂದ 1927ರವರೆಗಿನ ಹನ್ನೊಂದು ಯಾನಗಳನ್ನು ಓದಲು ಸಾಧ್ಯವಾಯಿತು.

ನನಗೆ ಬೇಕಾಗಿದ್ದ ಸಾಲು ಮೂರನೆಯದು: ಬೊಂಬಾಯಿಯಲ್ಲಿ 1921ರ ಏಪ್ರಿಲ್ 2ರಂದು ಹತ್ತಿದ್ದು, ಬೊಂಬಾಯಿಯಲ್ಲಿಯೇ ಅಕ್ಟೋಬರ್ 14ರಂದು ಇಳಿದದ್ದು. ಕೆಲಸ, ಸುಕಾಣಿ. ಚುಕ್ಕಾಣಿ ಹಿಡಿಯುವವನು, ಇಂಗ್ಲಿಷ್ ಗುಮಾಸ್ತರು ಇದೇ ಪದವನ್ನು ‘ಸೀಕನ್ನಿ’ ಎಂದು ಬರೆಯುತ್ತಿದ್ದರು. ಆ ಸಾಲಿನ ಮೇಲೆಯೇ ಒರಲೆಯ ತೂತು ಹಾದುಹೋಗಿತ್ತು. ಹಡಗಿನ ಹೆಸರಿನ ಕೊನೆಯ ಮೂರು ಅಕ್ಷರಗಳು ಉಳಿದಿದ್ದವು. ನೋಂದಣಿಯ ಬಂದರು ಗ್ಲಾಸ್ಗೋ ಎಂದು ಸ್ಪಷ್ಟವಾಗಿತ್ತು. ಹಡಗಿನ ಅಧಿಕೃತ ಸಂಖ್ಯೆಯ ಆರು ಅಂಕೆಗಳಲ್ಲಿ ಮೂರನೆಯದು ಇರಲಿಲ್ಲ.

ಈ ಅಧಿಕೃತ ಸಂಖ್ಯೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಡಗಿನಲ್ಲಿ ದುಡಿದ ಪೂರ್ವಿಕರನ್ನು ಹುಡುಕುವವರಿಗೆ ಇದಕ್ಕಿಂತ ಗಟ್ಟಿಯಾದ ಹಿಡಿಕೆ ಇಲ್ಲ. ಬ್ರಿಟಿಷ್ ನೋಂದಣಿಯ ಪ್ರತಿಯೊಂದು ವಾಣಿಜ್ಯ ಹಡಗಿಗೂ 1854ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ ನಂತರ ಒಂದು ಸಂಖ್ಯೆ ಸಿಕ್ಕಿತು. ಹಡಗಿನ ಹೆಸರು ಬದಲಾಗಬಹುದು, ಮಾಲೀಕ ಬದಲಾಗಬಹುದು, ಒಂದೇ ಹೆಸರಿನ ಐದಾರು ಹಡಗುಗಳು ಇರಬಹುದು. ಆದರೆ ಬ್ರಿಟಿಷ್ ನೋಂದಣಿಯಲ್ಲಿ ಇರುವವರೆಗೂ ಸಂಖ್ಯೆ ಬದಲಾಗುವುದಿಲ್ಲ. ಸಂಖ್ಯೆಗಳನ್ನು ಬಂದರುಗಳಿಗೆ ಗುಂಪುಗುಂಪಾಗಿ ಹಂಚುತ್ತಿದ್ದರು. ನನಗೆ ಕಾಣದ ಮೂರನೆಯ ಅಂಕೆ ಸಾವಿರದ ಸ್ಥಾನದ್ದಾದ್ದರಿಂದ, ಸೊನ್ನೆಯಿಂದ ಒಂಬತ್ತರವರೆಗೆ ಹಾಕಿದರೆ ಬರುವ ಹತ್ತು ಸಂಖ್ಯೆಗಳು ಒಂದಕ್ಕೊಂದು ಸಾವಿರದಷ್ಟು ದೂರವಿದ್ದವು, ಎಂದರೆ ಬೇರೆಬೇರೆ ಬಂದರು ಅಥವಾ ಬೇರೆಬೇರೆ ವರ್ಷಗಳ ಗುಂಪಿಗೆ ಸೇರಿದ್ದವು. ಕ್ರ್ಯೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ಉಚಿತ ಜಾಲತಾಣದಲ್ಲಿ ಹತ್ತನ್ನೂ ಒಂದೊಂದಾಗಿ ಹಾಕಿ ನೋಡಿದೆ. ಗ್ಲಾಸ್ಗೋದ ಹಡಗುಗಳು ಎರಡೇ ಉಳಿದವು. ಅವುಗಳಲ್ಲಿ ಒಂದರ ಹೆಸರಿನ ಕೊನೆ ಮಾತ್ರ ನನ್ನ ಮೂರು ಅಕ್ಷರಗಳಿಗೆ ಹೊಂದಿತು, ಟನ್ನೇಜೂ ಸರಿಹೋಯಿತು. ಒರಲೆ ತಿಂದ ಅಂಕೆ ಹೀಗೆ ಒಂದು ಸಂಜೆಯಲ್ಲಿ ಮರಳಿ ಬಂತು.

ಇಷ್ಟಾದ ಮೇಲೆ ಜನಗಣತಿ. ಮೊದಲು ನಮ್ಮ ದೇಶದ್ದನ್ನೇ ನೋಡಿದೆ, ಮತ್ತು ಅಲ್ಲಿ ಹೆಸರು ಸಿಗುವುದಿಲ್ಲ ಎಂಬುದನ್ನು ಆರಂಭದಲ್ಲೇ ಹೇಳುವುದು ಒಳ್ಳೆಯದು. ಭಾರತದ ಮೊದಲ ಜನಗಣತಿ 1872ರದ್ದು. ಎಲ್ಲೆಡೆ ಒಟ್ಟಿಗೆ ನಡೆದ ಮೊದಲನೆಯದು 1881ರ ಫೆಬ್ರುವರಿ 17ರದ್ದು. ಎಣಿಕೆದಾರರು ಮನೆಮನೆಗೆ ಹೋಗಿ ಹೆಸರು, ವಯಸ್ಸು, ಜಾತಿ, ಕಸುಬು, ಹುಟ್ಟಿದ ಸ್ಥಳ ಎಲ್ಲವನ್ನೂ ಬರೆದುಕೊಂಡರು. ಕೋಷ್ಟಕಗಳು ಸಿದ್ಧವಾದ ಮೇಲೆ ಆ ಮೂಲ ಹಾಳೆಗಳನ್ನು ಉಳಿಸಿಕೊಳ್ಳಲಿಲ್ಲ. ಸ್ವಾತಂತ್ರ್ಯಾನಂತರದ ಗಣತಿಗಳ ದಾಖಲೆಗಳನ್ನಂತೂ 1948ರ ಜನಗಣತಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ ಯಾರೂ ಪರಿಶೀಲಿಸುವಂತಿಲ್ಲ. ನಮಗೆ ಉಳಿದಿರುವುದು ಮುದ್ರಿತ ಸಂಪುಟಗಳು, ಎಂದರೆ ಸಂಖ್ಯೆಗಳು. ಆ ಸಂಪುಟಗಳನ್ನೂ ಸರಿಯಾದ ಕಡೆ ಹುಡುಕಬೇಕು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿ 1956ರವರೆಗೆ ಅಲ್ಲಿಯೇ ಇತ್ತು. ಆದ್ದರಿಂದ ಆ ಕಾಲದ ಎಲ್ಲ ಗಣತಿಗಳಲ್ಲೂ ನಾವು ಬೊಂಬಾಯಿ ಸಂಪುಟದಲ್ಲಿದ್ದೇವೆ, ‘ಕೆನರಾ’ ಎಂಬ ಹೆಸರಿನಲ್ಲಿ. ಮೈಸೂರು ಮತ್ತು ಮದ್ರಾಸ್ ಸಂಪುಟಗಳಲ್ಲಿ ಹುಡುಕಿ ನಾನು ಎರಡು ದಿನ ಕಳೆದೆ.

ಆದರೂ ಸಂಖ್ಯೆಗಳನ್ನು ಬಿಟ್ಟುಬಿಡಬಾರದು. ಹುಟ್ಟಿದ ಸ್ಥಳದ ಕೋಷ್ಟಕವು ಕೆನರಾದಲ್ಲಿ ಹುಟ್ಟಿ ಬೊಂಬಾಯಿ ನಗರದಲ್ಲಿ ಎಣಿಕೆಯಾದವರನ್ನು ತೋರಿಸುತ್ತದೆ. ದುಡಿಮೆಗೆ ಹೊರಟ ಗಂಡಸರ ನೆರಳು ಅದು. ನೆರೆಯ ರತ್ನಾಗಿರಿ ಜಿಲ್ಲೆಯಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಎಣಿಕೆಯಾಗುತ್ತಿದ್ದುದಕ್ಕೂ ಇಂಥದೇ ಕಾರಣ. ಇನ್ನೊಂದು ಸಂಗತಿ ನನಗೆ ದಿನಾಂಕಗಳನ್ನು ಸಾಲಾಗಿ ಬರೆದಾಗ ಹೊಳೆಯಿತು: 1881ರ ಫೆಬ್ರುವರಿ 17, 1891ರ ಫೆಬ್ರುವರಿ 26, 1901ರ ಮಾರ್ಚ್ 1, 1911ರ ಮಾರ್ಚ್ 10, 1921ರ ಮಾರ್ಚ್ 18, 1931ರ ಫೆಬ್ರುವರಿ 26. ಒಂದೂ ಮಳೆಗಾಲದಲ್ಲಿಲ್ಲ. ಎಣಿಕೆದಾರರಿಗೆ ಓಡಾಡಲು ಅನುಕೂಲವಾದ ಆ ತಿಂಗಳುಗಳೇ ನಮ್ಮವರಿಗೆ ಕಡಲಿನ ಕಾಲ. ನಾರಳಿ ಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟು ಕಡಲಿಗಿಳಿದ ಪತ್ತೆಮಾರಿ, ಮಚವೆ ಎಂಬ ಹಾಯಿಹಡಗುಗಳು ಮೇ ತಿಂಗಳ ಕೊನೆಗೆ ದಡಕ್ಕೇರುವವರೆಗೂ ಗಂಡಸರು ಮನೆಯಲ್ಲಿರುತ್ತಿದ್ದುದು ಅಪರೂಪ. ಜುಲೈನಲ್ಲಿ ಎಣಿಸಿದ್ದರೆ ಕರಾವಳಿಯ ಹಳ್ಳಿಗಳ ಲೆಕ್ಕ ಬೇರೆಯದೇ ಆಗಿರುತ್ತಿತ್ತು ಎಂದು ನನಗೆ ಅನಿಸುತ್ತದೆ.

ಮುತ್ತಜ್ಜ ಉಗಿಹಡಗಿಗೆ ಹೋದದ್ದಕ್ಕೂ ಹಿನ್ನೆಲೆ ಇದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ, ಕಾರವಾರಗಳಿಂದ ಹಡಗೇರುತ್ತಿದ್ದ ಕಾಲದಲ್ಲಿ ಅವರ ತಂದೆ ಪತ್ತೆಮಾರಿಯಲ್ಲಿದ್ದರು. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮಾರ್ಗವಾಗಿ ಮರ್ಮಗೋವಾಕ್ಕೆ ರೈಲು ಬಂದು ಆ ಸರಕು ಅತ್ತ ತಿರುಗಿತು. ಮುಂದಿನ ತಲೆಮಾರು ಬೊಂಬಾಯಿಗೆ ಹೊರಟಿತು.

ಇನ್ನು ಬ್ರಿಟನ್ನಿನ ಗಣತಿ. ಅಲ್ಲಿನ ಮೂಲ ಹಾಳೆಗಳು ಉಳಿದಿವೆ; ನೂರು ವರ್ಷ ಮುಚ್ಚಿಟ್ಟು ನಂತರ ಸಾರ್ವಜನಿಕರಿಗೆ ಬಿಡುತ್ತಾರೆ. ಗಣತಿಯ ರಾತ್ರಿ ಬಂದರಿನಲ್ಲಿದ್ದ ಹಡಗುಗಳಿಗೂ ಪ್ರತ್ಯೇಕ ಹಾಳೆ ಕೊಟ್ಟು, ಹಡಗಿನಲ್ಲಿ ಮಲಗಿದ್ದವರ ಹೆಸರು, ವಯಸ್ಸು, ಕೆಲಸ, ಹುಟ್ಟಿದ ಸ್ಥಳಗಳನ್ನು ಕಪ್ತಾನನಿಂದ ತುಂಬಿಸಿಕೊಳ್ಳುತ್ತಿದ್ದರು. ತನ್ನ ಊರಿನ ಗಣತಿಯಲ್ಲಿ ಒಂದು ಅಂಕೆಯಾಗಿಯೂ ಉಳಿಯದ ಖಲಾಸಿಯೊಬ್ಬ, ಏಳು ಕಡಲಿನಾಚೆಯ ಗಣತಿಯಲ್ಲಿ ಹೆಸರು ಸಹಿತ ಇರಲು ಸಾಧ್ಯವಾದದ್ದು ಹೀಗೆ. ಆದರೆ ಆ ಒಂದು ರಾತ್ರಿ ಹಡಗು ಅಲ್ಲಿರಬೇಕು. 1931ರ ಇಂಗ್ಲೆಂಡ್ ಮತ್ತು ವೇಲ್ಸ್ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಮುತ್ತಜ್ಜನ ಪುಸ್ತಕಕ್ಕೆ ಹೊಂದುವ ಗಣತಿ ಒಂದೇ: 1921ರ ಜೂನ್ 19ರದ್ದು. ಅದು ಮೊದಲು ಏಪ್ರಿಲ್ 24ಕ್ಕೆ ಗೊತ್ತಾಗಿತ್ತು. ಗಣಿ ಕಾರ್ಮಿಕರ ಸಂಘರ್ಷದ ಕಾರಣ ಮುಂದಕ್ಕೆ ಹೋಯಿತು. ಏಪ್ರಿಲ್ 2ರಂದು ಬೊಂಬಾಯಿಯಲ್ಲಿ ಹತ್ತಿದವರು ಏಪ್ರಿಲ್ 24ಕ್ಕೆ ದಾರಿಯಲ್ಲೇ ಇರುವ ಸಂಭವ ಹೆಚ್ಚು. ಆ ಮುಂದೂಡಿಕೆ ಇಲ್ಲದಿದ್ದರೆ ಈ ಹುಡುಕಾಟಕ್ಕೆ ಆಧಾರವೇ ಇರುತ್ತಿರಲಿಲ್ಲ.

1921ರ ಹಾಳೆಗಳು 2022ರ ಜನವರಿಯಲ್ಲಿ ಫೈಂಡ್‌ಮೈಪಾಸ್ಟ್ ಜಾಲತಾಣದಲ್ಲಿ ಬಿಡುಗಡೆಯಾದವು. ಹುಡುಕಾಟ ಆರಂಭಿಸಿದ್ದು ನಮ್ಮ ಅಡ್ಡಹೆಸರಿನಿಂದ. ನಮ್ಮ ಅಡ್ಡಹೆಸರು ತಾಂಡೇಲ, ಕಾರವಾರದ ಕಡಲ ಮಕ್ಕಳಲ್ಲಿ ತೀರ ಸಾಮಾನ್ಯವಾದದ್ದು. ಬಂದ ಫಲಿತಾಂಶಗಳನ್ನು ನೋಡಿ ಮೊದಲು ಸಂತೋಷಪಟ್ಟೆ, ಬಳಿಕ ಒಂದೂ ನಮ್ಮದಲ್ಲ ಎಂದು ತಿಳಿಯಿತು. ತಾಂಡೇಲವನ್ನು ಹೋಲುವ ಟಿಂಡಲ್ ಎಂಬುದು ಇಂಗ್ಲೆಂಡಿನಲ್ಲಿಯೂ ಒಂದು ಮನೆತನದ ಹೆಸರು. ಜೊತೆಗೆ ಹಡಗಿನಲ್ಲಿ ಸಾರಂಗನ, ಎಂದರೆ ಖಲಾಸಿಗಳ ಮುಖ್ಯಸ್ಥನ, ಕೈಕೆಳಗಿನ ಅಧಿಕಾರಿಯೇ ತಂಡೇಲ. ಆ ಹುದ್ದೆಯ ಹೆಸರನ್ನು ನಕಲು ಮಾಡಿದವರು ಕೆಲವೆಡೆ ಅಡ್ಡಹೆಸರಿನ ಅಂಕಣಕ್ಕೆ ಹಾಕಿದ್ದರು. ಭಂಡಾರಿ ಎಂದು ಹುಡುಕುವವರಿಗೂ ಇದೇ ಅನುಭವವಾಗುತ್ತದೆ, ಏಕೆಂದರೆ ಹಡಗಿನ ಅಡುಗೆಯವನೂ ಭಂಡಾರಿಯೇ. ಮುತ್ತಜ್ಜನ ಪುಸ್ತಕದಲ್ಲಿ ತಾಂಡೇಲ ಎಂಬ ಪದ ಎಲ್ಲಿಯೂ ಇಲ್ಲ ಎಂಬುದನ್ನು ನಾನು ಆಗ ಗಮನಿಸಿದೆ. ಅಲ್ಲಿರುವುದು ಅವರ ಹೆಸರು ಮತ್ತು ತಂದೆಯ ಹೆಸರು ಮಾತ್ರ. ದೋಣಿಯ ಮುಖ್ಯಸ್ಥನಿಗೆ ಸಲ್ಲುತ್ತಿದ್ದ ಪದ ಮನೆತನದ ಹೆಸರಾದದ್ದು ನಮ್ಮಲ್ಲಿ ಅಜ್ಜನ ಕಾಲಕ್ಕೆ. ಅಜ್ಜನ ಶಾಲಾ ದಾಖಲಾತಿಯ ಉತಾರದಲ್ಲಿ ಅದು ಮೊದಲ ಬಾರಿಗೆ ಕಾಣುತ್ತದೆ.

ಹಾಗಾಗಿ ಹೆಸರನ್ನು ಬಿಟ್ಟು ಹಡಗನ್ನು ಹಿಡಿದೆ. ಹಡಗಿನ ನೋಂದಣಿ ಗ್ಲಾಸ್ಗೋದ್ದಾದರೂ ಅದು ಆ ರಾತ್ರಿ ಅಲ್ಲಿಯೇ ಇತ್ತು ಎಂದು ತಿಳಿಯಬೇಕಿಲ್ಲ. ಸ್ಕಾಟ್‌ಲೆಂಡಿನ ಗಣತಿ ಬೇರೆಯೇ ಜಾಲತಾಣದಲ್ಲಿದೆ, ಅಲ್ಲಿ ಸಿಗಲಿಲ್ಲ. ಲಂಡನ್, ಲಿವರ್‌ಪೂಲ್ ಎರಡರಲ್ಲೂ ಸಿಗಲಿಲ್ಲ. ಕೊನೆಗೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿರುವ ಮೆಮೋರಿಯಲ್ ವಿಶ್ವವಿದ್ಯಾಲಯದ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ಗೆ ಬರೆದೆ. ಬ್ರಿಟಿಷ್ ಹಡಗುಗಳ 1863ರಿಂದ 1938ರವರೆಗಿನ ಸಿಬ್ಬಂದಿ ಪಟ್ಟಿಗಳಲ್ಲಿ ಸುಮಾರು 70 ಪ್ರತಿಶತ ಅಲ್ಲಿವೆ, ಅಧಿಕೃತ ಸಂಖ್ಯೆಯ ಕ್ರಮದಲ್ಲಿ ಜೋಡಿಸಿವೆ. 5ರಿಂದ ಕೊನೆಗೊಳ್ಳುವ ವರ್ಷಗಳಾದ 1905, 1915, 1925 ಮುಂತಾದವು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿವೆ. 1915ರ ಪಟ್ಟಿಗಳನ್ನು ಹೆಸರಿನಿಂದ ಉಚಿತವಾಗಿ ಹುಡುಕಬಹುದು. ಸಂಖ್ಯೆ ಮತ್ತು ವರ್ಷವನ್ನು ಕಳಿಸಿ, ಶುಲ್ಕ ಕಟ್ಟಿದೆ. ಕೆಲವು ವಾರಗಳ ನಂತರ ಸ್ಕ್ಯಾನ್ ಮಾಡಿದ ಪುಟಗಳು ಬಂದವು.

ಆ ಪುಟಗಳಲ್ಲಿ ಬಂದರುಗಳ ಮೊಹರುಗಳಿದ್ದವು. ಹಡಗು ಜೂನ್ ತಿಂಗಳ ನಡುವೆ ಬರ್ಕನ್‌ಹೆಡ್‌ನಲ್ಲಿತ್ತು. ಅದು ಮರ್ಸಿ ನದಿಯ ಒಂದು ದಡ, ಲಿವರ್‌ಪೂಲ್ ಇನ್ನೊಂದು ದಡ, ಕಣ್ಣಳತೆಯ ದೂರ. ಆದರೆ ಲಿವರ್‌ಪೂಲ್ ಆಗ ಲ್ಯಾಂಕಾಶೈರ್ ಕೌಂಟಿಗೆ ಸೇರಿತ್ತು, ಬರ್ಕನ್‌ಹೆಡ್ ಚೆಶೈರ್ ಕೌಂಟಿಗೆ. ನಾನು ನದಿಯ ತಪ್ಪು ದಡದಲ್ಲಿ ಮೂರು ವಾರ ಹುಡುಕಿದ್ದೆ. ಕಾಳಿ ನದಿಯ ಆಚೆಯ ಸದಾಶಿವಗಡದವರನ್ನು ಕೋಡಿಬಾಗದಲ್ಲಿ ಹುಡುಕಿದಂತೆ.

ಚೆಶೈರ್‌ಗೆ ಬದಲಿಸಿ, ಹುಟ್ಟಿದ ಸ್ಥಳ ಇಂಡಿಯಾ ಎಂದು ಹಾಕಿ, ಹೆಸರಿನ ಮೊದಲ ಎರಡು ವ್ಯಂಜನಗಳ ನಡುವೆ, ಅಲ್ಲಿ ಯಾವ ಅಕ್ಷರವಾದರೂ ಇರಬಹುದು ಎಂದು ಸೂಚಿಸುವ ನಕ್ಷತ್ರ ಚಿಹ್ನೆ ಇಟ್ಟು ಹುಡುಕಿದೆ. ನಮ್ಮ ಹೆಸರುಗಳನ್ನು ಹೀಗೆಯೇ ಹುಡುಕಬೇಕು. ವಿಠೋಬ ಎಂಬಂಥ ಹೆಸರಿನ ‘ವಿ’ ಅವರ ಮೂರು ಬೇರೆ ಅಕ್ಷರಗಳಲ್ಲಿ ಯಾವುದರಿಂದಲಾದರೂ ಶುರುವಾಗಬಹುದು. ಕೊನೆಯ ಸ್ವರ ‘ಅ’, ‘ಓ’, ‘ಊ’ ಏನೂ ಆಗಬಹುದು. ನಡುವಿನ ಹಕಾರ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹತ್ತನೆಯ ಪ್ರಯತ್ನಕ್ಕೆ ಆ ಹಡಗಿನ ಹಾಳೆ ತೆರೆಯಿತು. ಸಿಬ್ಬಂದಿಯ ನಡುವೆ ಒಬ್ಬ ಸೀಕನ್ನಿ, ವಯಸ್ಸು 40, ಹುಟ್ಟಿದ ಸ್ಥಳವನ್ನು ನಕಲು ಮಾಡಿದವರು ‘ಕುರ್ವಾನ್’ ಎಂದು ಓದಿದ್ದರು. ಮೂಲ ಚಿತ್ರದಲ್ಲಿ ಕಪ್ತಾನನ ಕೈಬರಹ ‘ಕಾರವಾರ’ ಎಂದೇ ಹೇಳುತ್ತದೆ.

ಇದು ಮುತ್ತಜ್ಜನೇ ಎಂದು ಹೇಗೆ ನಂಬುವುದು? ನಾನು ಪ್ರತಿ ದಾಖಲೆಯ ಪ್ರತಿಯೊಂದು ಸಂಗತಿಯನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆದು ಎದುರುಬದುರು ಇಟ್ಟೆ. ಹಡಗು, ಕೆಲಸ, ಹುಟ್ಟೂರು ಮೂರೂ ಹೊಂದುತ್ತವೆ. ಸಿಬ್ಬಂದಿ ಪಟ್ಟಿಯಲ್ಲಿ ನಮೂದಾದ ಹಿಂದಿನ ಹಡಗು, ಪುಸ್ತಕದ ಎರಡನೆಯ ಸಾಲಿನ ಹಡಗೇ ಆಗಿದೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಬಲವಾದ ಸಾಕ್ಷಿ. ವಯಸ್ಸು ಮಾತ್ರ ಹೊಂದುವುದಿಲ್ಲ. ಪುಸ್ತಕದಲ್ಲಿ 35, ಗಣತಿಯಲ್ಲಿ 40, ಮನೆಯವರ ಲೆಕ್ಕದಲ್ಲಿ 33. ಹುಟ್ಟಿದ ದಿನ ಬರೆದಿಡದ ಕಾಲದಲ್ಲಿ ವಯಸ್ಸನ್ನು ಐದು ಹತ್ತರ ಲೆಕ್ಕದಲ್ಲಿ ಹೇಳುವುದು ಎಲ್ಲ ಗಣತಿಗಳಲ್ಲೂ ಕಾಣುವ ರೂಢಿಯಾದ್ದರಿಂದ ಆ ವ್ಯತ್ಯಾಸಕ್ಕೆ ನಾನು ಹೆಚ್ಚು ತೂಕ ಕೊಡಲಿಲ್ಲ. ಆದರೆ ಅದನ್ನು ತಿದ್ದಲೂ ಇಲ್ಲ. ಮೂರೂ ಸಂಖ್ಯೆಗಳು ಪಟ್ಟಿಯಲ್ಲಿ ಹಾಗೆಯೇ ಇವೆ.

ಹಾಳೆಯ ಮುದ್ರಿತ ಪ್ರತಿಯನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಮತ್ತೆ ಇವರೆಲ್ಲ ಯಾರೋ ಮಗಾ?” ಎಂದು ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟರು.

ಆ ಸಾಲುಗಳನ್ನು ನಾನು ಗಮನಿಸಿರಲಿಲ್ಲ. ಅದೇ ಕೈಬರಹದಲ್ಲಿ, ಅದೇ ಹುಟ್ಟೂರಿನೊಂದಿಗೆ ಇನ್ನೂ ನಾಲ್ವರಿದ್ದಾರೆ. ಸಾರಂಗರು ತಮ್ಮ ಸೀಮೆಯವರನ್ನೇ ಗುಂಪಾಗಿ ಕರೆದೊಯ್ಯುತ್ತಿದ್ದುದರಿಂದ ಇದು ಸಹಜ. ನಾಲ್ವರಿಗೂ ಒಂದೊಂದು ಕಾರ್ಡು ಬರೆದು, ಹೆಸರನ್ನು ಕಪ್ತಾನ ಬರೆದಂತೆಯೂ ಅದು ಕನ್ನಡದಲ್ಲಿ ಏನಿರಬಹುದು ಎಂಬ ನನ್ನ ಊಹೆಯನ್ನೂ ಬೇರೆಬೇರೆಯಾಗಿ ನಮೂದಿಸಿದ್ದೇನೆ. ಮುತ್ತಜ್ಜನ ಪುಸ್ತಕ ಈಗ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ನೆಲದಿಂದ ಎತ್ತರದ ಕಪಾಟಿನಲ್ಲಿದೆ. ಮುಂದಿನ ಭಾನುವಾರ ಆ ನಾಲ್ಕು ಕಾರ್ಡುಗಳನ್ನು ಹಿಡಿದು ಕಾಲನಿಯ ಹಿರಿಯರ ಮನೆಗಳಿಗೆ ಹೋಗುತ್ತೇನೆ. ಅತ್ತೆಯೂ ಬರುತ್ತೇನೆ ಎಂದಿದ್ದಾರೆ.